ಬಸಿಲಿಯಾಳ ಎಂಜಲು

ಸಾಬಿನೊ ಹೆಂಡತಿಯನ್ನು ಕೇಳದೆ ಮಿಂಗಾ ಕರೆದುಬಿಟ್ಟ.

ಇಷ್ಪಿಂಗು ಹೊಳೆಯ ದಡದಲ್ಲಿ ಗಂಡಸರು ಹೆಂಡತಿಯನ್ನು ಕೇಳದೆ ಏನೇನೋ ಮಾಡುತ್ತಾರೆ. ಇದ್ದ ಒಂದು ದೋಣಿ ಮಾರಿ ಬರುತ್ತಾರೆ. ಪುಯೊ ಪೇಟೆಗೆ ಹೋಗಿ ಕುಡಿದು, ಒಂದೇ ಕಾಲಿಗೆ ಬೂಟು ಹಾಕಿಕೊಂಡು ವಾಪಸಾಗುತ್ತಾರೆ. ಅದನ್ನೆಲ್ಲ ಬೈದು ಮರೆಯಬಹುದು. ಮಿಂಗಾ ಹಾಗಲ್ಲ. ಊರಿನ ಕೈಗಳನ್ನೆಲ್ಲ ಮುಯ್ಯಿಗೆ ಕರೆಯುವ ಕೆಲಸ ಅದು. ಕರೆಯುವ ಮೊದಲು ಮನೆಯಲ್ಲಿ ಅಸ್ವಾ ಎಂಬ ಮರಗೆಣಸಿನ ಹುಳಿಗಂಜಿಯ ಗುಡಾಣಗಳು ತುಂಬಿರಬೇಕು. ಕೂಲಿ ಕೊಡುತ್ತೇನೆಂದರೆ ಯಾರೂ ಬರುವುದಿಲ್ಲ. ಆ ಮನೆಯ ಹೆಂಗಸು ಎದುರಿಗೆ ನಿಂತು ತನ್ನ ಕೈಯಿಂದಲೇ ಅಸ್ವಾದ ಬಟ್ಟಲನ್ನು ಬಾಯಿಗೆ ಹಿಡಿಯುತ್ತಾಳಲ್ಲ, ಆ ಮರ್ಯಾದೆಗೆ ಬರುತ್ತಾರೆ.

ಸಾಬಿನೊ ಆ ವರ್ಷ ಊರಿನ ಮುಖ್ಯಸ್ಥನ ಕೋಲು ಹಿಡಿದವನು. ಊರಿನ ಮಾತು ಅವನದೇ. ಈ ಪದ್ಧತಿ ಅವನಿಗೆ ಗೊತ್ತಿಲ್ಲದ್ದಲ್ಲ. ಆದರೂ ಕರೆದ.

ಅಸ್ವಾ ಆಕಾಶದಿಂದ ಉದುರುವುದಿಲ್ಲ. ಹೊಲಕ್ಕೆ ಹೋಗಿ ಮರಗೆಣಸು ಕೀಳಬೇಕು. ಹಣೆಗೆ ಪಟ್ಟಿ ಬಿಗಿದು, ಬುಟ್ಟಿಯನ್ನು ಬೆನ್ನಿಗೆ ಇಳಿಬಿಟ್ಟು, ಮೊಳಕಾಲುದ್ದದ ಕೆಸರಿನಲ್ಲಿ ಹೊತ್ತು ತರಬೇಕು. ಸುಲಿಯಬೇಕು, ತೊಳೆಯಬೇಕು, ಬೇಯಿಸಬೇಕು, ಮರಿಗೆಗೆ ಸುರಿದು ಒನಕೆಯಿಂದ ಕುಟ್ಟಬೇಕು. ಕುಟ್ಟುತ್ತಲೇ ಒಂದೊಂದು ತುತ್ತು ಬಾಯಿಗೆ ಹಾಕಿಕೊಂಡು ಅಗಿಯಬೇಕು. ದವಡೆ ಸೋತು ಕಿವಿಯ ಬುಡ ನೋಯುವ ತನಕ ಅಗಿದು, ಅದನ್ನು ಮತ್ತೆ ಮರಿಗೆಗೇ ಉಗಿದು ಕಲೆಸಬೇಕು. ಹಾಗೆ ಮಾಡಿದರೇ ಅದು ಹುಳಿ ಬಂದು ಉಕ್ಕುವುದು. ಬಸಿಲಿಯಾಳ ಹಣೆಯಂಚಿನಲ್ಲಿ ಬುಟ್ಟಿಯ ಪಟ್ಟಿ ಉಜ್ಜಿ ಉಜ್ಜಿ ಕೂದಲು ಹುಟ್ಟದ ಒಂದು ಗೆರೆ ಬಿದ್ದಿದೆ. ಅವಳ ತಾಯಿಯ ಹಣೆಯಂಚಿನಲ್ಲೂ ಅದೇ ಗೆರೆ ಇತ್ತು. ಊರಿನ ಹೊಟ್ಟೆ ತುಂಬಿಸುವುದು ಆ ಗೆರೆ. ಆದರೆ ಸಭೆಯಲ್ಲಿ ಕೋಲು ಮಾತ್ರ ಗಂಡಸರ ಕೈಯಲ್ಲಿ.

ಆ ಮಧ್ಯಾಹ್ನ ಬಸಿಲಿಯಾ ಮನೆಯ ನೆರಳಿನಲ್ಲಿ ಕುಳಿತು ಗೆಣಸು ಸುಲಿಯುತ್ತಿದ್ದಳು. ಸಾಬಿನೊ ಎಣ್ಣೆ ಕಂಪನಿಯ ಮೋಟಾರು ದೋಣಿಯಿಂದ ಇಳಿದು ಬಂದ. ಹೊಸ ಬೂಟು. ಹೊಸ ಅಂಗಿ, ಎದೆಯ ಮೇಲೆ ಕಂಪನಿಯ ಗುರುತು.

"ಹುಣ್ಣಿಮೆ ಕಳದ್ಮೇಲೆ ಮಿಂಗಾ," ಅಂದ, ಬೂಟು ಬಿಚ್ಚುತ್ತ. "ಎಲ್ರಿಗೂ ಹೇಳಾಯ್ತು."

"ಏನ್ ಕೆಲ್ಸಕ್ಕೆ?"

"ಗುಡ್ಡದ ಮೇಲೆ. ಹೆಲಿಕಾಪ್ಟರ್ ಇಳೀತಿತ್ತಲ್ಲ, ಆ ಹಳೇ ಬಯಲು. ಅದನ್ನ ಅಗಲ ಮಾಡ್ಬೇಕು. ಸುತ್ತ ಇರೋ ಮರ ಕಡುದ್ರೆ ಆಯ್ತು."

ಬಸಿಲಿಯಾಳ ಚಾಕು ನಿಂತಿತು. "ಯಾರಿಗಂತೆ ಅಗಲ ಬೇಕಾಗಿರೋದು?"

ಸಾಬಿನೊ ಹೊಳೆಯ ಕಡೆ ನೋಡಿದ. "ಗೊತ್ತಿದ್ದೂ ಕೇಳ್ತೀಯಲ್ಲ. ಕಂಪನಿಗೆ."

ಆ ಗುಡ್ಡದ ನೆತ್ತಿಯಲ್ಲಿ ಊರಿನ ಹಳ್ಳ ಹುಟ್ಟುತ್ತದೆ. ಊರು ಕುಡಿಯುವುದು ಅದೇ ನೀರು, ಗೆಣಸು ಬೇಯುವುದು ಅದೇ ನೀರಿನಲ್ಲಿ. ಕೆಲವು ವರ್ಷಗಳ ಹಿಂದೆ ಕಂಪನಿಯವರು ಬಂದು ನೆಲದೊಳಗೆ ಸಿಡಿಮದ್ದು ಹೂತು ಸಿಡಿಸಿ, ಎಣ್ಣೆ ಎಲ್ಲಿದೆಯೆಂದು ಕಿವಿಗೊಟ್ಟು ಕೇಳಿಹೋಗಿದ್ದರು. ಕಾಡುಹಂದಿಗಳು ಆಗ ಗುಡ್ಡ ಬಿಟ್ಟು ಹೋದವು, ಇನ್ನೂ ಬಂದಿಲ್ಲ. ಈಗ ಬಾವಿ ಕೊರೆಯುವ ಯಂತ್ರ ಇಳಿಸಬೇಕು. ಮರ ಕಡಿಯಲು ಕಂಪನಿಗೆ ಆಳುಗಳಿಗೇನೂ ಬರವಿಲ್ಲ. ಆದರೂ ಊರಿನವರ ಕೈಯಲ್ಲೇ ಕಡಿಸಬೇಕು, ಕಡಿಯುವಾಗ ಫೋಟೋ ತೆಗೆಯಬೇಕು. ನಾಳೆ ಯಾರಾದರೂ ಕೇಳಿದರೆ, ನೋಡಿ, ಅವರೇ ಕರೆದರು, ಅವರೇ ಕಡಿದರು ಅನ್ನಬಹುದು. ಮೋಸ ಅಷ್ಟೇ. ಅದನ್ನು ಅರ್ಥ ಮಾಡಿಕೊಳ್ಳಲು ಬಸಿಲಿಯಾಳಿಗೆ ಯಾವ ಶಾಲೆಯೂ ಬೇಕಿರಲಿಲ್ಲ.

"ನಾರ್ಸಿಸಾ ಅಕ್ಕನ ಬಾಯಿ ಮರ್ತ್ಹೋಯ್ತಾ ನಿಂಗೆ?" ಎಂದಳು.

ನಾರ್ಸಿಸಾ ಬಸಿಲಿಯಾಳ ಅಕ್ಕ. ಅವಳನ್ನು ಉತ್ತರಕ್ಕೆ, ಎಣ್ಣೆ ಬಾವಿಗಳ ಸೀಮೆಗೆ ಕೊಟ್ಟಿದ್ದರು. ಗಂಡ ಹೆಂಡತಿ ಒಮ್ಮೆ ನೋಡಲು ಹೋದಾಗ ಅಕ್ಕನ ಮನೆ ಮುಂದಿನ ಹೊಳೆಯ ಮೇಲೆ ಬಣ್ಣಬಣ್ಣದ ಪೊರೆ ಹರಿಯುತ್ತಿತ್ತು. ಅಕ್ಕನ ವಸಡು ಊದಿತ್ತು, ನಾಲಗೆ ತುಂಬ ಹುಣ್ಣು. ಒಂದು ತುತ್ತು ಅಗಿಯಲು ಆಗದು. ಹಟಕ್ಕೆ ಬಿದ್ದು ಅಗಿದು ಮಾಡಿದ ಅಸ್ವಾ ಸೀಮೆಎಣ್ಣೆ ನಾರುತ್ತಿತ್ತು. ನೆಂಟರು ಬಟ್ಟಲನ್ನು ತುಟಿಗೆ ತಾಗಿಸಿ ಕೆಳಗಿಟ್ಟು ಎದ್ದುಹೋಗುತ್ತಿದ್ದರು. ನಾರ್ಸಿಸಾ ಆ ತುಂಬಿದ ಬಟ್ಟಲುಗಳನ್ನು ಒಂದೊಂದೇ ಎತ್ತಿ ಹಿತ್ತಲಿಗೆ ಚೆಲ್ಲುವುದನ್ನು ಬಸಿಲಿಯಾ ಕಣ್ಣಾರೆ ನೋಡಿದ್ದಳು. ಮರುವರ್ಷ ಅಕ್ಕ ಹೊಟ್ಟೆಯಲ್ಲಿ ಗಂಟು ಬೆಳೆದು ಸತ್ತಳು. ಕಂಪನಿಯ ಡಾಕ್ಟರು, ಕೈ ತೊಳೆಯದೆ ಉಂಡಿದ್ದಕ್ಕೆ ಹೀಗಾಯಿತು ಅಂದನಂತೆ.

"ಅದು ಹಳೇ ಕಾಲದ್ದು," ಅಂದ ಸಾಬಿನೊ. "ಇವ್ರು ಹೊಸಾ ಮಿಷನ್ ತರ್ತಾರಂತೆ. ಒಂದ್ ತೊಟ್ಟೂ ಸೋರಲ್ವಂತೆ."

"ಅಂತೆ."

"ನೋಡು, ನಾನ್ ಬ್ಯಾಡ ಅಂದ್ರೂ ಬರ್ತಾರೆ ಕಣೇ. ಪೊಲೀಸು, ಮಿಲಿಟ್ರಿ ಎಲ್ಲಾ ಅವ್ರದ್ದೇ. ಬರೋದ್ ಹೆಂಗೂ ಬರ್ತಾರೆ, ಸ್ಕೂಲಿಗೆ ನಾಕ್ ತಗಡಾದ್ರೂ ಸಿಗ್ಲಿ ಅಂತ ನಾನು..."

"ನನ್ ಗುಡಾಣ ಖಾಲಿ ಇದೆ."

"ತುಂಬ್ಸು. ಇನ್ನೂ ದಿನ ಇದೆಯಲ್ಲ."

"ಈ ಕೆಲ್ಸಕ್ಕೆ ನಾನು ಅಗಿಯಲ್ಲ, ಸಾಬಿನೊ. ಈಗ್ಲೇ ಹೇಳ್ತಿದೀನಿ. ಆಮೇಲೆ ಹೇಳ್ಲಿಲ್ಲ ಅನ್ಬ್ಯಾಡ."

ಅವನು ಬೂಟನ್ನು ಎತ್ತಿ ಗೋಡೆಗೆ ಒರಗಿಸಿಟ್ಟ. ಮುಖ ಕೆಂಪಾಗಿತ್ತು. "ಸೆವಾಯೊಸ್ ಹೇಳೋದೇ ಸರಿ. ನಿನ್ ಎಂಜಲಿಲ್ದೆ ಹೋದ್ರೆ ಲೋಕ ಏನ್ ನಿಂತೋಗುತ್ತಾ? ಅವ್ರು ಬಿಯರ್ ತರ್ತಾರಂತೆ."

ಎಂಜಲು.

ಆ ಮಾತು ಸಾಬಿನೊನದಲ್ಲ, ಸೆವಾಯೊಸ್‌ನದು. ಊರಿನವರ ಜೊತೆ ನಯವಾಗಿ ಮಾತಾಡಲೆಂದೇ ಕಂಪನಿ ಇಟ್ಟುಕೊಂಡಿದ್ದ ಮನುಷ್ಯ ಅವನು. ಮೊದಲ ಸಲ ಊರಿಗೆ ಬಂದಾಗ ಬಸಿಲಿಯಾ ತನ್ನ ಅತ್ಯುತ್ತಮ ಬಟ್ಟಲನ್ನು, ತಾನೇ ಮಣ್ಣು ಮಿದ್ದು ಮಾಡಿ ತನ್ನ ತಲೆಗೂದಲಿನ ಕುಂಚದಿಂದ ಗೆರೆ ಎಳೆದ ಬಟ್ಟಲನ್ನು ತುಂಬಿ ಅವನಿಗೆ ಹಿಡಿದಿದ್ದಳು. ಅವನು ನಕ್ಕ. ತುಟಿಗೆ ತಾಗಿಸಿದ ಹಾಗೆ ಮಾಡಿ ಹಿಂದಿದ್ದ ಆಳಿಗೆ ದಾಟಿಸಿದ. ಆಳು ಅದನ್ನು ಮನೆಯ ಕೆಳಗೆ ಮಲಗಿದ್ದ ನಾಯಿಯ ಮುಂದೆ ಸುರಿದ. ಸೆವಾಯೊಸ್ ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡ. ಬಸಿಲಿಯಾ ಇನ್ನೂ ಎದುರಿಗೇ ನಿಂತಿದ್ದಳು, ಬಟ್ಟಲು ವಾಪಸು ಬರಲೆಂದು ಕೈ ಚಾಚಿಕೊಂಡು. ಮರುದಿನ ಅವನು ಹೆಂಗಸರನ್ನೆಲ್ಲ ಶಾಲೆಯಲ್ಲಿ ಕೂರಿಸಿ, ಉಗುಳಿದ್ದನ್ನು ಕುಡಿಯುವುದು ಅನಾಗರಿಕ, ರೋಗ ಬರುತ್ತದೆ ಎಂದು ಹೇಳಿ ಬಣ್ಣದ ಪುಡಿಯ ಪೊಟ್ಟಣ ಹಂಚಿದ. ನೀರಿಗೆ ಹಾಕಿದರೆ ಕಿತ್ತಳೆ ಹಣ್ಣಿನ ರಸವಾಗುತ್ತದಂತೆ.

ಅವನು ಅಂದಿದ್ದನ್ನು ಬಸಿಲಿಯಾ ನುಂಗಿಕೊಂಡಿದ್ದಳು. ಹೊರಗಿನವನು, ಬಾಯಿ ರುಚಿ ಗೊತ್ತಿಲ್ಲದವನು ಅಂದುಕೊಂಡಿದ್ದಳು. ಆದರೆ ಸಾಬಿನೊ? ತೊಟ್ಟಿಲಿನಲ್ಲಿದ್ದಾಗ ತಾಯಿ ಅಗಿದ ಗೆಣಸನ್ನೇ ತಿಂದು ಬೆಳೆದ ಬಾಯಿ ಅದು. ಮದುವೆಯಾದ ದಿನದಿಂದ ಬಸಿಲಿಯಾ ಅಗಿದದ್ದನ್ನು ಕುಡಿದು ಕೊಬ್ಬಿದ ಮೈ ಅದು. ಅವಳ ಮೈಯೆಲ್ಲ ಉರಿಯಿತು. ಅವಳು ಚಾಕುವನ್ನು ನೆಲದ ಮೇಲಿಟ್ಟಳು.

"ಸರಿ," ಎಂದಳು. "ನನ್ನೆಂಜಲಿಲ್ದೆ ಮಾಡ್ಸು."

ಸಾಬಿನೊ ನಂಬಲಿಲ್ಲ. ಕೋಪ ಇಳಿದ ಮೇಲೆ ಅವಳೇ ಗುಡಾಣ ತುಂಬಿಸುತ್ತಾಳೆ ಅಂದುಕೊಂಡ. ಗಂಡಸರು ಹಾಗೆ ಅಂದುಕೊಳ್ಳುತ್ತಾರೆ.

ಮಿಂಗಾಕ್ಕೆ ಮಾಂಸ ಬೇಕು. ಅದಕ್ಕಾಗಿ ಊರಿನ ಗಂಡಸರೆಲ್ಲ ಬಂದೂಕು, ಊದುಕೊಳವೆ ಹಿಡಿದು ದೂರದ ಕಾಡಿಗೆ ಬೇಟೆಗೆ ಹೊರಟರು. ಗುಡ್ಡದ ಹಂದಿಗಳು ಓಡಿಹೋಗಿದ್ದವಲ್ಲ, ಈಗ ಬೇಟೆಗೆ ಬಹಳ ದೂರ ಹೋಗಬೇಕು. ಅವರ ದೋಣಿ ತಿರುವಿನಲ್ಲಿ ಮರೆಯಾದ ಮೇಲೆ ಹೆಂಗಸರು ಬಟ್ಟೆ ಒಗೆಯುವ ಬಂಡೆಯ ಹತ್ತಿರ ಸೇರಿದರು. ಬಸಿಲಿಯಾ ಹೇಳಬೇಕಾದ್ದನ್ನು ಹೇಳಿದಳು. ಎಂಜಲು ಅಂದದ್ದನ್ನೂ ಹೇಳಿದಳು.

ಪಕ್ಕದ ಮನೆಯ ದೀಗ್ನಾ ನೀರಿನಲ್ಲಿ ನಿಂತೇ ಕ್ಯಾಕರಿಸಿ ಉಗಿದಳು. ಪುಯೊದಲ್ಲಿ ಸಾಹುಕಾರರ ಮನೆ ಪಾತ್ರೆ ತೊಳೆದು ಬಂದವಳು ಅವಳು, ಸ್ಪ್ಯಾನಿಷ್ ಬಯ್ಗುಳವೆಲ್ಲ ಬಾಯಿಪಾಠ. "ಅವ್ರು ಉಂಡ್ ಬಿಟ್ಟ ತಟ್ಟೆ ನಾನು ವರ್ಷಗಟ್ಟಲೆ ತಿಕ್ಕಿದೀನಿ ಕಣಕ್ಕ. ಎಂಜಲು ಅಂದ್ರೆ ಏನು ಅಂತ ನನ್ನ ಕೇಳ್ಲಿ, ಹೇಳ್ತೀನಿ. ನಮ್ಮನೆಯೋನಿಗೂ ಒಂದ್ ತೊಟ್ಟು ಸಿಗಲ್ಲ. ಬಾಯಿ ಒಣಗಿ ಸಾಯ್ಲಿ."

"ಬಾಯಿ ಒಣಗಿದ್ರೆ ಬಿಯರ್ ಕುಡೀತಾರೆ," ಎಂದಳು ಇಂದಲೇಸಿಯಾ. ಅವಳು ಸಾಬಿನೊನ ತಾಯಿ, ಬಸಿಲಿಯಾಳ ಅತ್ತೆ. ಬಾಯಲ್ಲಿ ಹಲ್ಲಿಲ್ಲ. ಇಷ್ಟು ಹೊತ್ತು ಬಂಡೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ಮಗನ ಕಡೆ ಮಾತಾಡುತ್ತಾಳೆಂದು ಎಲ್ಲರೂ ಅವಳ ಮುಖ ನೋಡಿದರು. "ಕುಡ್ದು ಗುಡ್ಡ ಹತ್ತುತಾರೆ. ದಡ್ಡ ನನ್ಮಕ್ಕಳು. ನಾನೇ ಹೆತ್ತಿದ್ದು, ನಂಗೊತ್ತಿಲ್ವಾ? ಅಸ್ವಾ ನಿಲ್ಸುದ್ರೆ ಸಾಲ್ದು ಕಣ್ರೇ. ಗುಡ್ಡದ್ ಮೇಲೆ ಗೆಣಸು ನೆಡಿ."

ದೀಗ್ನಾ ನಗಲು ಶುರು ಮಾಡಿದಳು.

ಮರಗೆಣಸಿನ ಹೊಲ ಹೆಂಗಸಿನದು. ಕಾಡು ಕಡಿದು ಕೊಡುವ ತನಕ ಗಂಡಸಿನ ಕೆಲಸ, ಕಡ್ಡಿ ನೆಟ್ಟ ಮೇಲೆ ಅಲ್ಲಿ ಅವನಿಗೆ ಜಾಗವಿಲ್ಲ. ಹೊಲದ ತಾಯಿ ನುಂಗುಲಿ ಮಣ್ಣಿನೊಳಗೆ ಕೂತಿರುತ್ತಾಳೆ. ಎಳೆ ಗೆಣಸು ಕೂಸಿನಂತೆ, ಹಸಿವು ಜಾಸ್ತಿ. ಮುಖಕ್ಕೆ ಕೆಂಪು ಬೀಜದ ಬಣ್ಣ ಬಳಿದುಕೊಳ್ಳದೆ ಕಾಲಿಟ್ಟವರ ರಕ್ತ ಹೀರುತ್ತದೆ. ಆ ಬಣ್ಣವನ್ನು ಹಚ್ಚಬೇಕಾದವಳು ಹೊಲದೊಡತಿ. ಕೋಲು ಹಿಡಿದವನಾದರೂ ಅಷ್ಟೇ. ಈ ಹೊಳೆಯ ಉದ್ದಕ್ಕೂ ಪೇಟೆಯ ಬೂಟು ಹಾಕಿದ ಗಂಡಸರೂ ಅದಕ್ಕೆ ಹೆದರುತ್ತಾರೆ.

ಹೆಂಗಸರು ಮರುದಿನ ಬೆಳಗ್ಗೆಯೇ ಶುರು ಮಾಡಿದರು. ಅವರವರ ಹೊಲದಿಂದ ಗೆಣಸಿನ ಕಡ್ಡಿ ಕಡಿದು ಹೊರೆ ಕಟ್ಟಿದರು. ಹಣೆಗೆ ಪಟ್ಟಿ ಬಿಗಿದು, ಕುತ್ತಿಗೆ ಸೆಟೆದುಕೊಂಡು, ನಾಲ್ಕು ಕಾಲಿನಲ್ಲಿ ಹತ್ತಬೇಕಾದ ಗುಡ್ಡವನ್ನು ಹತ್ತಿದರು. ಮೇಲೆ ಹಳೆಯ ಬಯಲಿನ ತುಂಬ ಆಳೆತ್ತರದ ಹುಲ್ಲು, ಮುಳ್ಳು, ಕೆಂಪಿರುವೆ. ಅದನ್ನು ಕಡಿದರು. ಕಂಪನಿಯವರು ಬಿಟ್ಟುಹೋದ ತುಕ್ಕು ಹಿಡಿದ ಡ್ರಮ್ಮುಗಳನ್ನು ಉರುಳಿಸಿ ಪಕ್ಕಕ್ಕೆ ತಳ್ಳಿದರು. ಹೆಲಿಕಾಪ್ಟರ್ ಇಳಿದಿಳಿದು ಗಟ್ಟಿಯಾದ ಮಣ್ಣು ಅದು. ಕೋಲಿನಿಂದ ಒಂದೊಂದು ಗುಳಿ ತೆಗೆಯುವಾಗಲೂ ಭುಜ ಕಿತ್ತು ಬರುತ್ತಿತ್ತು. ಬಸಿಲಿಯಾಳ ಅಂಗೈ ಬೊಬ್ಬೆ ಬಂದು ಒಡೆದು ರಕ್ತ ಬಂತು. ಅವಳು ಬಾಳೆಯ ನಾರು ಸುತ್ತಿಕೊಂಡು ಮತ್ತೆ ಅಗೆದಳು. ಅಗೆಯುವಾಗಲೆಲ್ಲ ಆ ಒಂದು ಮಾತು ತಲೆಯೊಳಗೆ ಕುಟ್ಟುತ್ತಿತ್ತು, ಅವಳೂ ಅಷ್ಟೇ ಜೋರಾಗಿ ನೆಲಕ್ಕೆ ಕುಟ್ಟಿದಳು. ಮುಖಕ್ಕೆ ಬಣ್ಣ ಬಳಿದುಕೊಂಡು, ಕಡ್ಡಿಗಳಿಗೂ ಬಳಿದು, ಚಿಗುರೊಡೆಯುವ ಕಣ್ಣು ಮೇಲಾಗುವಂತೆ ಓರೆಯಾಗಿ ಊರಿದರು. ಇಂದಲೇಸಿಯಾಳನ್ನು ಇಬ್ಬರು ಹಿಡಿದು ಮೇಲೆ ಹತ್ತಿಸಿದರು. ಮೊದಲ ಕಡ್ಡಿಯನ್ನು ಅವಳ ಕೈಯಿಂದಲೇ ನೆಡಿಸಿದ್ದು. ನುಂಗುಲಿಗೆ ಹಾಡು ಹಾಡಿದ್ದೂ ಅವಳೇ.

ಗಂಡಸರು ಹೊಗೆ ಹಾಕಿದ ಮಾಂಸ ಹೊತ್ತು ವಾಪಸಾಗುವಷ್ಟರಲ್ಲಿ ಕಡ್ಡಿಗಳು ಕೆಂಪು ಚಿಗುರು ಬಿಟ್ಟಿದ್ದವು. ಊರಿನಲ್ಲಿ ಪ್ರತಿ ಮನೆಯ ಗುಡಾಣದ ಬಾಯಿಗೂ ಬಾಳೆ ಎಲೆ ಕಟ್ಟಿತ್ತು. ಸಾಬಿನೊ ಅದನ್ನು ನೋಡಿ ಮೀಸೆಯಲ್ಲೇ ನಕ್ಕ. ಎಲೆ ಎತ್ತಿ ನೋಡಲಿಲ್ಲ. ಮಿಂಗಾದ ಮೊದಲು ಗಂಡಸು ಗುಡಾಣ ಇಣುಕಿ ನೋಡುವುದು ಮರ್ಯಾದೆಯಲ್ಲ.

ಮಿಂಗಾದ ಬೆಳಗ್ಗೆ ಸೆವಾಯೊಸ್ ದೋಣಿಯಲ್ಲಿ ಬಂದ. ಜೊತೆಗೆ ಕೆಲವು ಸೈನಿಕರು, ಕ್ಯಾಮೆರಾ ಹಿಡಿದ ಒಬ್ಬ, ಬಿಯರ್ ಪೆಟ್ಟಿಗೆಗಳು. ಗಂಡಸರು ಸಾಬಿನೊನ ಮನೆಯ ಉದ್ದನೆಯ ಬೆಂಚಿನ ಮೇಲೆ, ಮಚ್ಚು ಕಾಲ ಬಳಿ ಇಟ್ಟುಕೊಂಡು ಸಾಲಾಗಿ ಕುಳಿತರು. ಹೆಂಗಸರು ಬಟ್ಟಲು ಹಿಡಿದು ಬಂದರು. ಎಲ್ಲರ ಮುಖದ ಮೇಲೂ ಕೆಂಪು ಬಣ್ಣ. ಕ್ಯಾಮೆರಾದವನಿಗೆ ಖುಷಿಯೋ ಖುಷಿ.

ಬಸಿಲಿಯಾ ಗಂಡನ ಎದುರಿಗೆ ಬಂದು ನಿಂತಳು. ಸೆವಾಯೊಸ್‌ಗೆ ಅಂದು ಕೊಟ್ಟಿದ್ದ ಅದೇ ಬಟ್ಟಲು. ಪದ್ಧತಿಯಂತೆ ಎರಡೂ ಕೈಯಲ್ಲಿ ಅದನ್ನು ಅವನ ಬಾಯಿಗೆ ಹಿಡಿದಳು. ಸಾಬಿನೊ ಪದ್ಧತಿಯಂತೆ ಕಣ್ಣು ಮುಚ್ಚಿ ತುಟಿ ಮುಂದೆ ಮಾಡಿದ. ಬಟ್ಟಲು ಓರೆಯಾಯಿತು. ಏನೂ ಬರಲಿಲ್ಲ. ಅವನು ಕಣ್ಣು ತೆರೆದು ಬಟ್ಟಲಿನೊಳಗೆ ನೋಡಿದ. ಒಣ ಮಣ್ಣಿನ ತಳ. ಬೆಂಚಿನ ಆ ತುದಿಯಿಂದ ಈ ತುದಿಯ ತನಕ ಗಂಡಸರು ಬಾಯಿ ತೆರೆದು ಖಾಲಿ ಬಟ್ಟಲು ನೋಡುತ್ತ ಕುಳಿತಿದ್ದರು.

"ಕುಡಿ," ಎಂದಳು ಬಸಿಲಿಯಾ. "ಎಂಜಲಿಲ್ದೇ ಇರೋ ಅಸ್ವಾ. ನೀನ್ ಕೇಳಿದ್ದೇ ಅದಲ್ವಾ?"

ಸಾಬಿನೊನ ಕಿವಿಗಳು ಕೆಂಪಾದವು. "ಜನರ ಮುಂದೆ ಮಾನ ತೆಗೀಬ್ಯಾಡ ಕಣೇ," ಎಂದು ಪಿಸುಗುಟ್ಟಿದ.

"ನನ್ ಮಾನ ನಾಯಿ ಮುಂದೆ ಸುರಿದಾಗ ನೀನೂ ಅಲ್ಲೇ ಕೂತಿದ್ದೆ."

ಏನೋ ಕೆಟ್ಟಿತೆಂದು ಸೆವಾಯೊಸ್‌ಗೆ ತಿಳಿಯಿತು. ಮುಂದೆ ಬಂದು, ಮಕ್ಕಳಿಗೆ ಹೇಳುವ ದನಿಯಲ್ಲಿ ಶುರು ಮಾಡಿದ. ಅವನ ಸ್ಪ್ಯಾನಿಷನ್ನು ದೀಗ್ನಾ ಊರಿನ ಮಾತಿಗೆ ತಿರುಗಿಸಿ ಹೇಳಿದಳು.

"ಕಾನೂನು ಕೇಳಮ್ಮ. ಮೇಲಿನ ಮಣ್ಣು ನಿಮ್ದು, ಅದನ್ನ ಯಾರೂ ಮುಟ್ಟಲ್ಲ. ನೆಲದ ಕೆಳಗಿರೋದು ಮಾತ್ರ ದೇಶದ್ದು. ನಮಗೆ ಬೇಕಾಗಿರೋದು ಕೆಳಗಿಂದು ಅಷ್ಟೇ."

"ಮರಗೆಣಸು ಕೆಳಗೇ ಬೆಳೆಯೋದು ಸಾಹೇಬ್ರೆ," ಎಂದಳು ಬಸಿಲಿಯಾ. "ನನ್ನ ಗೆಣಸು ಎಲ್ಲಿಗೆ ಮುಗೀತು, ನಿಮ್ಮ ದೇಶ ಎಲ್ಲಿಂದ ಶುರುವಾಯ್ತು? ಒಂದ್ ಗೆರೆ ಎಳೆದು ತೋರ್ಸಿ. ಅಲ್ಲಿಗಂಟ ಅಗೆದು ನಿಲ್ಲಿಸ್ತೀನಿ."

ಬೆಂಚಿನ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಸೆವಾಯೊಸ್ ನಗಲಿಲ್ಲ. ಬಿಯರ್ ಹಂಚುವಂತೆ ಆಳಿಗೆ ಕೈಸನ್ನೆ ಮಾಡಿದ. ಬಿಸಿಲಿನಲ್ಲಿ ಬಂದ ಬಿಯರ್, ಬೆಚ್ಚಗಿತ್ತು. ಗಂಡಸರು ಹೆಂಡಂದಿರ ಮುಖ ನೋಡದೆ ಬಾಟಲಿ ತೆಗೆದುಕೊಂಡರು. ಕೊಡುವ ಕೈಯಿಲ್ಲ, ಎದುರಿಗೆ ನಿಲ್ಲುವ ಮುಖವಿಲ್ಲ, ಅವರವರ ಬಾಯಿಗೆ ಅವರವರೇ ಸುರಿದುಕೊಂಡರು. ಅತ್ತೆ ಹೇಳಿದ್ದು ಸುಳ್ಳಾಗಲಿಲ್ಲ. ಬಸಿಲಿಯಾ ಬಟ್ಟಲನ್ನು ಮಗುಚಿಟ್ಟು, ಹಿತ್ತಲಿನ ದಾರಿ ಹಿಡಿದು ಗುಡ್ಡ ಹತ್ತಿದಳು. ಉಳಿದ ಹೆಂಗಸರು ಅವಳ ಹಿಂದೆ ಹೊರಟರು.

ಗಂಡಸರೂ ಅವರ ಹಿಂದೆ ಸೆವಾಯೊಸ್‌ನ ಕಡೆಯವರೂ ಏದುಸಿರು ಬಿಡುತ್ತ ಮೇಲೆ ಬಂದಾಗ ಬಯಲು ಬಯಲಾಗಿರಲಿಲ್ಲ. ಈ ಅಂಚಿನಿಂದ ಆ ಅಂಚಿಗೆ ಗೆಣಸಿನ ಕಡ್ಡಿ, ನಡುನಡುವೆ ಕೆಂಪು ಮುಖದ ಹೆಂಗಸರು ಕುಳಿತಿದ್ದರು. ಮಧ್ಯದಲ್ಲಿ ಇಂದಲೇಸಿಯಾ, ಸಣ್ಣ ಗಡಿಗೆಯಲ್ಲಿ ಕೆಂಪು ಬಣ್ಣ ಇಟ್ಟುಕೊಂಡು. ಗಂಡಸರು ಅಂಚಿನಲ್ಲೇ ನಿಂತುಬಿಟ್ಟರು. ಒಬ್ಬನ ಬೂಟಿನ ತುದಿ ಕಡ್ಡಿಯೊಂದಕ್ಕೆ ತಾಗಿತು. ಕೆಂಡ ಮುಟ್ಟಿದವನ ಹಾಗೆ ಕಾಲು ಹಿಂದಕ್ಕೆಳೆದುಕೊಂಡ.

ಆಗಲೇ ಹೆಲಿಕಾಪ್ಟರ್ ಬಂತು. ಗರಗಸ, ಡೀಸೆಲ್ ಡ್ರಮ್ಮುಗಳನ್ನು ಹೊತ್ತು ಬಂದದ್ದು ತಲೆಯ ಮೇಲೇ ತೂಗಿತು. ಗಾಳಿಗೆ ಮಣ್ಣು ಎದ್ದು ಕಣ್ಣಿಗೆ ಹೊಡೆಯಿತು, ಬಟ್ಟೆ ಮೈಬಿಟ್ಟು ಹಾರಿತು. ಬಸಿಲಿಯಾ ಅತ್ತೆಯ ಮೇಲೆ ಬಗ್ಗಿ ಮುಚ್ಚಿಕೊಂಡಳು. ಒಬ್ಬಳೂ ಏಳಲಿಲ್ಲ. ಇಳಿಯಲು ಜಾಗ ಹುಡುಕಿ ಹುಡುಕಿ, ಕೊನೆಗೆ ಅದು ಬಂದ ದಾರಿಯಲ್ಲೇ ವಾಪಸು ಹೋಯಿತು.

ಸೆವಾಯೊಸ್ ಅಂಗಿ ತೊಯ್ದು, ಉಸಿರು ಕಟ್ಟಿ ನಿಂತಿದ್ದ. "ಕಡಿಸು ಅದನ್ನ," ಎಂದು ಸಾಬಿನೊಗೆ ಹೇಳಿದ. "ಏನ್ ನೋಡ್ತಾ ನಿಂತಿದೀಯ?"

"ಆಗಲ್ಲ ಸಾಹೇಬ್ರೆ," ಎಂದ ಸಾಬಿನೊ. "ಅದು ನನ್ ಹೆಂಡ್ತಿ ಹೊಲ."

"ನೀನು ಮುಖ್ಯಸ್ಥ ಅಲ್ವೇನೋ!"

"ಊರಿಗೆ. ಹೊಲಕ್ಕಲ್ಲ."

ಆಗ ಸೆವಾಯೊಸ್‌ನ ನಯವಾದ ಮಾತೆಲ್ಲ ಉದುರಿಹೋಯಿತು. ಒಳಗಿದ್ದದ್ದು ಹೊರಗೆ ಬಂತು. "ಎಂಜಲು ಕುಡಿಯೋ ನಾಯಿಗಳು," ಎಂದು ಅರಚಿದ. "ನಿಮ್ಮ ಜೊತೆ ಮಾತಾಡೋಕೆ ಬಂದೆನಲ್ಲ, ನನಗೆ ಬುದ್ಧಿಯಿಲ್ಲ." ಇದನ್ನು ಯಾರೂ ತಿರುಗಿಸಿ ಹೇಳಬೇಕಾಗಿರಲಿಲ್ಲ. ಅಷ್ಟು ಸ್ಪ್ಯಾನಿಷ್ ಎಲ್ಲರಿಗೂ ಗೊತ್ತಿತ್ತು. ಗಂಡಸರು ಕೈಯಲ್ಲಿದ್ದ ಬಿಯರ್ ಬಾಟಲಿ ನೋಡಿಕೊಂಡರು.

ಬಸಿಲಿಯಾ ಎದ್ದಳು. ಸಾಲುಗಳ ನಡುವೆ ಒಂದು ಚಿಗುರೂ ತುಳಿಯದಂತೆ ನಡೆದು ಬಂದಳು. ಸೆವಾಯೊಸ್‌ನ ಎದುರಿಗೆ ನಿಂತು, ಬಾಯಿ ತುಂಬ ಉಗುಳು ಕೂಡಿಸಿಕೊಂಡು, ಅವನ ಬೂಟಿನ ಮೇಲೆ ಉಗಿದಳು.

"ಇದು ಎಂಜಲು," ಎಂದಳು. "ನಾನು ಅಗಿದು ಗುಡಾಣಕ್ಕೆ ಹಾಕೋದು ಊಟ. ವ್ಯತ್ಯಾಸ ನೋಡ್ಕೊ."

ಸೈನಿಕನೊಬ್ಬ ಬಂದೂಕಿನ ಹಿಡಿಯಿಂದ ಅವಳ ಭುಜಕ್ಕೆ ತಿವಿದ. ಬಸಿಲಿಯಾ ಮಂಡಿಯೂರಿ ಬಿದ್ದಳು. ಸೈನಿಕರು ಹೊಲಕ್ಕೆ ನುಗ್ಗಿದರು. ಅವರಿಗೆ ನುಂಗುಲಿಯೂ ಗೊತ್ತಿಲ್ಲ, ಬಣ್ಣವೂ ಗೊತ್ತಿಲ್ಲ. ಬೂಟಿನಲ್ಲಿ ಚಿಗುರು ಹೊಸಕಿದರು. ಮಚ್ಚು ಬೀಸಿ ಕಡ್ಡಿಗಳನ್ನು ತುಂಡು ತುಂಡು ಮಾಡಿದರು. ಅಡ್ಡ ಬಂದ ದೀಗ್ನಾಳ ಜಡೆ ಹಿಡಿದೆಳೆದರು. ಇಂದಲೇಸಿಯಾಳನ್ನು ಕಂಕುಳಲ್ಲಿ ಎತ್ತಿ ಪಕ್ಕಕ್ಕೆ ಕುಕ್ಕಿದರು. ಮುದುಕಿ ಬಣ್ಣದ ಗಡಿಗೆಯನ್ನು ಮಾತ್ರ ಬಿಡಲಿಲ್ಲ. ಕ್ಯಾಮೆರಾದವನು ಕ್ಯಾಮೆರಾ ಇಳಿಸಿ ಬೇರೆ ಕಡೆ ನೋಡಿದ. ಈ ಫೋಟೋ ಕಂಪನಿಗೆ ಬೇಕಿರಲಿಲ್ಲ.

ಬಸಿಲಿಯಾಳ ಮುಂದೆ ತುಂಡಾದ ಒಂದು ಕಡ್ಡಿ ಬಿದ್ದಿತ್ತು. ಗೇಣುದ್ದ. ಅದರ ಮೈಮೇಲೆ ಕಣ್ಣುಗಳಿದ್ದವು. ಅವಳು ಅದನ್ನು ಎತ್ತಿಕೊಂಡು ಮಂಡಿಯೂರಿದಲ್ಲೇ ಬೆರಳಿನಿಂದ ಮಣ್ಣು ಕೆದಕಿ ಊರಿದಳು. ಇನ್ನೊಂದು ತುಂಡು ಎತ್ತಿಕೊಂಡಳು. ಅದನ್ನೂ ಊರಿದಳು. ಪಕ್ಕದಲ್ಲಿ ದೀಗ್ನಾ, ಬಿಚ್ಚಿದ ಜಡೆಯಲ್ಲೇ ಬಗ್ಗಿ, ತುಂಡು ಆಯ್ದುಕೊಂಡು ಊರಿದಳು. ಮರಗೆಣಸನ್ನು ಬೀಜ ಹಾಕಿ ಬೆಳೆಯುವುದಿಲ್ಲ. ಕಡಿದೇ ನೆಡುವುದು. ಸೈನಿಕರು ಒಂದು ಕಡ್ಡಿ ಕಡಿದ ಕಡೆ ಹೆಂಗಸರು ಎರಡು ಮೂರು ನೆಟ್ಟರು.

"ಕಡೀರೋ," ಎಂದು ದೀಗ್ನಾ ಸ್ಪ್ಯಾನಿಷಿನಲ್ಲಿ ಕೂಗಿದಳು. "ಇನ್ನೂ ಸಣ್ಣದಾಗಿ ಕಡೀರಿ! ನಮ್ಗೆ ಕೆಲ್ಸ ಕಮ್ಮಿಯಾಯ್ತು!"

ಸೈನಿಕರ ಕೈ ನಿಧಾನವಾಯಿತು. ಹಿಂದೆ ತಿರುಗಿ ನೋಡಿದರೆ ಕಡಿದ ಸಾಲುಗಳೆಲ್ಲ ಮತ್ತೆ ನಿಂತಿದ್ದವು. ಅವರು ಬೆವರು ಒರೆಸಿಕೊಂಡು ಸೆವಾಯೊಸ್‌ನ ಮುಖ ನೋಡಿದರು. ಸೆವಾಯೊಸ್ ಗಂಡಸರ ಮುಖ ನೋಡಿದ. ಗಂಡಸರು ಒಬ್ಬೊಬ್ಬರಾಗಿ ಬಾಟಲಿಗಳನ್ನು ನೆಲಕ್ಕಿಟ್ಟರು.

ಸಾಬಿನೊ ಕೋಲನ್ನು ಮರಕ್ಕೆ ಒರಗಿಸಿದ. ಕಂಪನಿಯ ಅಂಗಿ ಬಿಚ್ಚಿದ, ಹೊಸ ಬೂಟು ಬಿಚ್ಚಿದ. ಬರಿಗಾಲಿನಲ್ಲಿ ಹೊಲದ ಅಂಚಿಗೆ ಬಂದು, ಅಂಚು ದಾಟದೆ ನಿಂತ. ಹೆಂಡತಿಯ ಕಡೆ ಮುಖ ಬಗ್ಗಿಸಿದ.

ಬಸಿಲಿಯಾ ಅವನನ್ನು ಬಹಳ ಹೊತ್ತು ಹಾಗೇ ನಿಲ್ಲಿಸಿದಳು. ಸೈನಿಕರೆದುರು, ಊರಿನವರೆದುರು, ಅವನ ತಾಯಿಯೆದುರು. ನಿಲ್ಲಲಿ, ಕೈ ಚಾಚಿಕೊಂಡು ನಾನೂ ನಿಂತಿದ್ದೆ ಅಂದುಕೊಂಡಳು. ಆಮೇಲೆ ಎದ್ದು ಅತ್ತೆಯ ಗಡಿಗೆಗೆ ಕೈ ಅದ್ದಿ, ಅವನ ಹಣೆಗೆ, ಕೆನ್ನೆಗೆ ಕೆಂಪು ಬಣ್ಣ ಬಳಿದಳು. ಮೆಲ್ಲಗೇನೂ ಬಳಿಯಲಿಲ್ಲ, ಉಜ್ಜಿದಳು.

ಸಾಬಿನೊ ಒಳಗೆ ಕಾಲಿಟ್ಟ. ಒಂದು ತುಂಡು ಎತ್ತಿಕೊಂಡು ಕೂತು ಊರಿದ. ಹುಟ್ಟಿದ ಮೇಲೆ ಅವನು ಗೆಣಸು ನೆಟ್ಟದ್ದು ಅದೇ ಮೊದಲು.

"ಅಯ್ಯೋ ನನ್ ಮಗನೇ," ಎಂದು ಇಂದಲೇಸಿಯಾ ಕೂಗಿದಳು. "ತಲೆಕೆಳಗಾಗಿ ನೆಟ್ಟಿದೀಯ! ಕಣ್ಣು ಮೇಲಕ್ಕೆ!"

ಹೆಂಗಸರು ನಕ್ಕರು. ಭುಜ ಹಿಡಿದುಕೊಂಡೇ ಬಸಿಲಿಯಾ ಕೂಡ ನಕ್ಕಳು, ಆದರೆ ಅವಳ ಕೋಪ ಇಳಿದಿರಲಿಲ್ಲ. ಸಾಬಿನೊ ಕಡ್ಡಿ ಕಿತ್ತು ತಿರುಗಿಸಿ ಊರಿದ. ಉಳಿದ ಗಂಡಸರು ಬೂಟು ಬಿಚ್ಚಿ, ಬಣ್ಣಕ್ಕಾಗಿ ಅವರವರ ಹೆಂಡಂದಿರ ಎದುರು ಸಾಲು ನಿಂತರು. ಸೆವಾಯೊಸ್ ಸೈನಿಕರನ್ನು ಕರೆದುಕೊಂಡು ಕೆಳಗಿಳಿದ. ಮತ್ತೆ ಬರುತ್ತೇನೆ, ಇನ್ನೂ ಹೆಚ್ಚು ಜನ ಕರೆತರುತ್ತೇನೆ ಎಂದು ಹೇಳಿಯೇ ಇಳಿದ. ಅವನು ಸುಳ್ಳು ಹೇಳಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಬಿಸಿಲು ನೆತ್ತಿಗೆ ಬಂದಿತ್ತು. ಸಾಬಿನೊ ಒಂದು ಸಾಲು ಮುಗಿಸಿ ಸೊಂಟ ನೆಟ್ಟಗೆ ಮಾಡಿದ. ಬೆವರಿಗೆ ಬಣ್ಣ ಕರಗಿ ಕುತ್ತಿಗೆಗೆ ಇಳಿದಿತ್ತು, ತುಟಿ ಒಡೆದಿತ್ತು.

"ಬಸಿಲಿಯಾ," ಎಂದ ತಗ್ಗಿದ ದನಿಯಲ್ಲಿ. "ಬಾಯಿ ಒಣಗ್ತಿದೆ ಕಣೇ. ಮನೇಲಿ ಒಂದ್ ಬಟ್ಟಲಾದ್ರೂ..."

ಬಸಿಲಿಯಾ ಮುಂದಿನ ತುಂಡು ಎತ್ತಿಕೊಂಡು ಅವನ ಕೈಗೆ ಕೊಟ್ಟಳು.

"ಇದು ಬೆಳ್ದು ಬಲೀಲಿ," ಎಂದಳು. "ಇದನ್ನೇ ಅಗಿದು ಮಾಡ್ಕೊಡ್ತೀನಿ. ಅಲ್ಲಿಗಂಟ ನೀರು ಕುಡ್ಕೊಂಡು ಕಾಯಿ."